ಇನ್ನೂ ಮೂರು ಪೈಪು

ಭಾನುವಾರ ಅಯ್ಯನವರು ಕಣ್ಣಲ್ಲೇ ಸನ್ನೆ ಮಾಡುತ್ತಾರೆ,
ನಾನು ಎದ್ದು ನಿಲ್ಲುತ್ತೇನೆ.
ಇಪ್ಪತ್ತಾರು ವರ್ಷದಿಂದ ಅದೇ ಮೂರನೇ ಬೆಂಚು,
ಅದೇ ಕೆಮ್ಮು, ಅದೇ ಪ್ರಾರ್ಥನೆ:
ಕೃಪೆಯುಳ್ಳ ತಂದೆಯಿಂದ ಹೊರಟು
ರೋಗಿಗಳು, ಪರೀಕ್ಷೆ ಬರೆಯುವ ಮಕ್ಕಳು, ದೇಶ ಆಳುವವರು
ಪ್ರತಿ ಸ್ಟಾಪಿನಲ್ಲೂ ಒಂದೊಂದು ಗಳಿಗೆ ನಿಂತು
ಆಮೆನ್ನಿಗೆ ಸರಿಯಾದ ಹೊತ್ತಿಗೆ ತಲುಪುವ
ಹೊಳಲ್ಕೆರೆ ಬಸ್ಸು.

ಕಳೆದ ವಾರ ನಡುವೆ ಯಾಕೋ ಕಣ್ಣು ಬಿಟ್ಟೆ.
ಎದುರು ಚಾಪೆಯ ಮೇಲೆ ವಿನಯವತಿ ಟೀಚರ ಮೊಮ್ಮಗಳು ಅನುಗ್ರಹ,
ಎಂಟು ವರ್ಷ, ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು.
ನನ್ನದೇ ಪ್ರಾರ್ಥನೆ.
ನನಗಿಂತ ಒಂದು ಪದ ಮುಂದಿದ್ದಳು.

ಯಾರೂ ಗಮನಿಸಲಿಲ್ಲ. ಕಾಣಿಕೆ ಚೀಲ ಬಂತು, ಹೋಯಿತು.
ಹೊರಗೆ ಬೇವಿನ ಕೆಳಗೆ ಕೈ ಕುಲುಕಿದರು,
"ಜೀವರತ್ನಣ್ಣ, ನಿಮ್ಮ ಪ್ರಾರ್ಥನೆ ಕೇಳಿದರೇ ಒಂದು ಸಮಾಧಾನ."
ನನ್ನ ಬಾಯೊಳಗೆ ಮಾತ್ರ
ಬತ್ತಿದ ಬೋರಿಂಗು ಒತ್ತಿದಾಗ ಬರುವ ಆ ಉಸಿರು.

ಅದರ ಸದ್ದು ನನಗೆ ಗೊತ್ತು. ಕಸುಬೇ ಅದು.
ಮಂಗಳವಾರ ತುರುವನೂರಿನಾಚೆ ಒಂದು ಹಟ್ಟಿಗೆ ಹೋದೆವು,
ನಾನು, ತಿಪ್ಪೇಶಿ.
ತಲೆ ಬಿಚ್ಚಿ, ಸರಪಳಿ ಕಳಚಿ, ಕಂಬಿ ಎಳೆದು
ಹದಿನಾಲ್ಕು ಪೈಪನ್ನೂ ಜಾಲಿಯ ನೆರಳಲ್ಲಿ ಮಲಗಿಸಿದೆವು.
ಚರ್ಮದ ವಾಷರು ಒಣಗಿ ಹಪ್ಪಳ.
ಹೊಸದು ಹಾಕಿ, ಎಲ್ಲ ಇಳಿಸಿ, ಒತ್ತಿದರೆ
ಗಾಳಿ. ಬರೀ ಗಾಳಿ.
ವಹಿ ತೆಗೆದು 'ನೀರಿಲ್ಲ' ಎಂದು ಬರೆದೂ ಆಗಿತ್ತು,
ಸಹಿಯೊಂದು ಬಾಕಿ.

ಗಾದ್ರಕ್ಕ ಅಂತ ಒಬ್ಬಳು, ಎಲೆಯಡಿಕೆ ಉಗಿದು ಬಂದು
ಕೊಡ ಕೆಳಗಿಟ್ಟಳು.
"ಇನ್ನೊಂದ್ಸಲ ಎತ್ತು. ಕಲ್ಲು ಬಿಟ್ಟು ನೋಡಾನ."
ತಿಪ್ಪೇಶಿ ಗೊಣಗಿದ. ಎತ್ತಿದೆವು.
ಹುಣಸೆಬೀಜದಷ್ಟು ಕಲ್ಲು. ಅವಳು ಕಿವಿಕೊಟ್ಟಳು,
ನಾನೂ ಮಂಡಿಯೂರಿದೆ.
ಎಷ್ಟು ಕಾಲವಾಗಿತ್ತೋ ಹಾಗೆ ಕೂತು, ಬಾಯಿ ಮುಚ್ಚಿ, ಕಾದು.
ಬಹಳ ಹೊತ್ತಿನ ಮೇಲೆ, ಎಲ್ಲೋ ಪಾತಾಳದಲ್ಲಿ,
ಬುಳಕ್.

"ನೀರು ಎಲ್ಲಿಗೂ ಹೋಗಿಲ್ಲ ಕಣಪ್ಪಾ," ಅಂದಳು,
"ಕೆಳಕ್ಕೆ ಇಳಕೊಂಡು ಕುಂತೈತೆ. ನಿನ್ನ ಪೈಪೇ ಮೋಟು."

ಇನ್ನೂ ಮೂರು ಪೈಪು ಜೋಡಿಸಿದೆವು.
ಆಳದ ನೀರು ತೋಳಿಗೆ ಭಾರ,
ಅದನ್ನು ಯಾರೂ ಮೊದಲೇ ಹೇಳುವುದಿಲ್ಲ.
ಬಂದದ್ದು ತುಕ್ಕು, ಕೆಂಪಗೆ, ನಾರುತ್ತ.
ಹೆಂಗಸರು ಸೆರಗು ಮುಚ್ಚಿ ಹಿಂದೆ ಸರಿದರು.
"ನಿಲ್ಲಿಸಬ್ಯಾಡ, ಒತ್ತು," ಅಂದಳು ಗಾದ್ರಕ್ಕ.
ನಾವು ಹೊರಡುವ ಹೊತ್ತಿಗೆ ತಿಳಿಯಾಯಿತು,
ತಣ್ಣಗೆ, ಒಂದಿಷ್ಟು ಒಗರು.

ಆ ರಾತ್ರಿ ಹೆಂಡತಿ ಮಲಗಿದ ಮೇಲೆ
ಬಾಯಿಪಾಠದ ಬಸ್ಸು ಹೊರಟಿತು. ನಾನು ಹತ್ತಲಿಲ್ಲ.
ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು
ಹತ್ತಿ ಆರುತ್ತಿದ್ದವು, ಆರಿ ಹತ್ತುತ್ತಿದ್ದವು.
ಕೊನೆಗೆ ಒಂದು ಮಾತು ಬಂತು, ತುಕ್ಕಿನ ಬಣ್ಣದ್ದು:
ಸ್ವಾಮೀ, ನನ್ನ ತಮ್ಮ ವಿಮೋಚನನನ್ನು ನಾನು ಕ್ಷಮಿಸಿಲ್ಲ.
ಹನ್ನೊಂದು ವರ್ಷ. ಅಪ್ಪನ ಹೆಣದ ಮುಂದೆ ಆಡಿದ ಮಾತಿಗೆ.
ಕ್ಷಮಿಸಿದ್ದೇನೆಂದು ನಿನ್ನೆದುರೇ ಎಷ್ಟು ಸಲ ಹೇಳಿದ್ದೇನೆ.
ಆಮೇಲೆ ಇನ್ನೊಂದು, ಅದಕ್ಕಿಂತ ಕೆಸರು:
ನೀನಿದ್ದೀಯ ಎಂಬುದನ್ನೂ ಈಚೆಗೆ
ರೂಢಿಯಿಂದ ನಂಬಿದ್ದೇನೆ.

ಉತ್ತರವೇನೂ ಬರಲಿಲ್ಲ.
ಆದರೆ ನಡುಹಗಲ ಬಿಸಿಲಲ್ಲಿ ದಣಿದು ಬಾವಿಕಟ್ಟೆಯ ಮೇಲೆ ಕೂತು,
ಕೈಯಲ್ಲಿ ಹಗ್ಗವೂ ಇಲ್ಲದೆ,
ಪರಜಾತಿಯವಳ ಹತ್ತಿರ ನೀರು ಕೇಳಿದನಲ್ಲ ಅವನು
ನನ್ನ ಮಂಚದ ತುದಿಯಲ್ಲಿ
ಬಾಯಾರಿ ಕೂತಿದ್ದಾನೆ ಅನಿಸಿತು.
ಕೊಡಲು ನನ್ನಲ್ಲಿದ್ದದ್ದು ಆ ಕೆಂಪು ನೀರೇ.
ಅವನು ಬೇಡ ಅನ್ನಲಿಲ್ಲ.

ಇವತ್ತು ಭಾನುವಾರ. ಅಯ್ಯನವರ ಸನ್ನೆ. ಎದ್ದೆ.
ಕೆಮ್ಮು ಕೂಡ ಬರಲಿಲ್ಲ.
ಫ್ಯಾನಿನ ಕಿರಕಿರ. ಯಾರೋ ಬೆಂಚು ಜರುಗಿಸಿದರು.
ಚಾಪೆಯ ಮೇಲೆ ಅನುಗ್ರಹ ಒಂದೇ ಕಣ್ಣು ತೆರೆದು
ನನ್ನ ಬಾಯನ್ನೇ ನೋಡುತ್ತಿದ್ದಳು.
ಮೊದಲ ಪದ ಅವಳಿಗೂ ಗೊತ್ತಿರಲಿಲ್ಲ,
ನನಗೂ.